ಬಿ.ಎ. ಓದಲು ಮೈಸೂರೇ ಯಾಕೆ?

ಮಗ ಬಿ.ಎ. ಸೇರುತ್ತೇನೆ ಎಂದರೆ ನಮ್ಮ ಗಲ್ಫ್ ಕುಟುಂಬಗಳಲ್ಲಿ ಮೊದಲು ಬರುವ ಪ್ರಶ್ನೆ, "ಯಾಕೆ, ಮಾರ್ಕ್ಸ್ ಕಡಿಮೆ ಬಂತಾ?" ಎರಡನೆಯದು, "ನಾನಿಲ್ಲಿ ಬಿಸಿಲಲ್ಲಿ ಬೇಯುವುದು ನೀನು ಬಿ.ಎ. ಮಾಡಲಿಕ್ಕಾ?" ಹೀಗೆ ಕೇಳುವ ಅಪ್ಪಂದಿರ ಮೇಲೆ ನನಗೆ ಸಿಟ್ಟಿಲ್ಲ. ಸಾಲ ಮಾಡಿ ವೀಸಾ ಪಡೆದು ಬಂದವರಿಗೆ ಓದು ಎಂದರೆ ಕೆಲಸ, ಕೆಲಸ ಎಂದರೆ ಸಾಲ ತೀರುವುದು. ಆದರೂ ಈ ವರ್ಷ ಒಬ್ಬ ಹುಡುಗನ ಮಾತು ಕೇಳಿದ ಮೇಲೆ ಅವನ ಪರವಾಗಿ ನಾಲ್ಕು ಮಾತು ಬರೆಯಬೇಕು ಅನಿಸಿತು.

ಹುಡುಗ ಕುಂದಾಪುರದ ಕಡೆಯವನು. ಅಪ್ಪ ಇಲ್ಲಿ ಎ.ಸಿ. ಮೆಕ್ಯಾನಿಕ್. ದ್ವಿತೀಯ ಪಿಯುಸಿ ವಿಜ್ಞಾನದಲ್ಲಿ ಒಳ್ಳೆಯ ಅಂಕವೇ ಬಂದಿದೆ. ಆದರೆ ಅವನಿಗೆ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇತಿಹಾಸ ಓದಬೇಕಂತೆ. ಅಪ್ಪ ನಮ್ಮ ಆಸ್ಪತ್ರೆಯ ಔಷಧಿ ಕೌಂಟರಿಗೆ ಬಂದವರು, "ನೀವೊಂದು ಫೋನ್ ಮಾಡಿ ಹೇಳಿ ಮಾರಾಯ್ರೇ. ನಿಮ್ಮ ಹಾಗೆ ಡಿ.ಫಾರ್ಮ ಆದರೂ ಮಾಡಲಿ, ಎರಡು ವರ್ಷದಲ್ಲಿ ಕೈಗೆ ಕೆಲಸ" ಎಂದರು. ಫೋನ್ ಮಾಡಿದೆ. ಬಿ.ಎ. ಕುಂದಾಪುರದಲ್ಲೂ ಉಂಟಲ್ಲ, ಮೈಸೂರೇ ಯಾಕೆ ಎಂದು ಕೇಳಿದೆ.

"ಅಪ್ಪ ಇರುವ ಮಸ್ಕತ್ತಿಗೆ ನಮ್ಮ ಬಸ್ರೂರಿಂದ ಅಕ್ಕಿ ಹೋಗ್ತಿತ್ತು, ಗೊತ್ತುಂಟಾ ಅಂಕಲ್?" ಎಂದ.

ಮಾತು ನಿಜ. ಪೋರ್ಚುಗೀಸರ ಕಾಲದಲ್ಲೇ ಕರಾವಳಿಯ ಅಕ್ಕಿ ಹಡಗಿನಲ್ಲಿ ಒಮಾನಿಗೆ ಬರುತ್ತಿತ್ತು. ಮುಂದೆ ಟಿಪ್ಪು ಸುಲ್ತಾನ್ ಮಸ್ಕತ್ತಿನಲ್ಲಿ ವ್ಯಾಪಾರದ ಕೋಠಿಯನ್ನೇ ಇಟ್ಟಿದ್ದ. ನಾವೆಲ್ಲ 1970ರ ನಂತರ ಎಣ್ಣೆಯ ಹಣ ಹುಡುಕಿಕೊಂಡು ಮೊದಲ ಸಲ ಇಲ್ಲಿಗೆ ಬಂದವರು ಅಂದುಕೊಂಡಿದ್ದೇವೆ. ನಮ್ಮ ಊರಿನ ಅಕ್ಕಿ ನಮಗಿಂತ ನಾನೂರು ವರ್ಷ ಮೊದಲೇ ಬಂದಿತ್ತು! ಆ ಹುಡುಗನಿಗೆ ಈ ವಿಷಯ ತಿಳಿಯಬೇಕು, ಊರಿನ ಕಲ್ಲುಶಾಸನಗಳನ್ನು ತಾನೇ ಓದಬೇಕು. ಅದಕ್ಕೆ ಮೈಸೂರು.

ಅವನ ಲೆಕ್ಕ ಸರಿಯಾಗಿಯೇ ಇದೆ. ಭಾರತೀಯ ಪುರಾತತ್ತ್ವ ಇಲಾಖೆಯ ಶಾಸನ ವಿಭಾಗದ ಕಚೇರಿ ಇರುವುದು ಮೈಸೂರಿನಲ್ಲಿ. ದೇಶದ ಸಾವಿರಾರು ಶಾಸನಗಳಿಂದ ಕಾಗದದ ಮೇಲೆ ತೆಗೆದ ಪ್ರತಿಗಳು ಅಲ್ಲಿವೆ. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದದ್ದು, 1909ರಲ್ಲಿ ಅದು ಅಚ್ಚಾದದ್ದು ಇದೇ ಊರಿನ ಓರಿಯಂಟಲ್ ಲೈಬ್ರರಿಯಿಂದ. ಇಂದು ಅದು ಪ್ರಾಚ್ಯವಿದ್ಯಾ ಸಂಶೋಧನಾಲಯ. ಇತಿಹಾಸ ಓದುವವನಿಗೆ ಇದು ವೈದ್ಯಕೀಯ ವಿದ್ಯಾರ್ಥಿಗೆ ದೊಡ್ಡಾಸ್ಪತ್ರೆ ಇದ್ದ ಹಾಗೆ.

ಇನ್ನು ಕಾಲೇಜು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಶುರುವಾದಾಗ ಕಲಾ ವಿಷಯಗಳಿಗೆ ಮಹಾರಾಜ ಕಾಲೇಜು, ವಿಜ್ಞಾನಕ್ಕೆ ಬೆಂಗಳೂರಿನ ಸೆಂಟ್ರಲ್ ಕಾಲೇಜು ಎಂದು ಹಂಚಿಕೆಯಾಯಿತು. ರಾಧಾಕೃಷ್ಣನ್ 1918ರಿಂದ 1921ರವರೆಗೆ ಇಲ್ಲಿ ತತ್ತ್ವಶಾಸ್ತ್ರ ಕಲಿಸಿದರು. ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಅವರ ಗಾಡಿಯನ್ನು ತಾವೇ ಎಳೆದುಕೊಂಡು ರೈಲು ನಿಲ್ದಾಣಕ್ಕೆ ಹೋದರು. ಎಂ. ಹಿರಿಯಣ್ಣನವರು ವರ್ಷಗಟ್ಟಲೆ ಮಾಡಿದ ಪಾಠವೇ 1932ರಲ್ಲಿ ಭಾರತೀಯ ತತ್ತ್ವಶಾಸ್ತ್ರದ ಇಂಗ್ಲಿಷ್ ಪುಸ್ತಕವಾಗಿ ಲಂಡನ್ನಿನಲ್ಲಿ ಪ್ರಕಟವಾಯಿತು. ಕುಪ್ಪಳಿಯಿಂದ ಬಂದ ಕುವೆಂಪು ಇಲ್ಲೇ ಓದಿ, ಇಲ್ಲೇ ಕಲಿಸಿ, ಇಲ್ಲೇ ಪ್ರಾಂಶುಪಾಲರಾದರು. ಎಂ.ಎನ್. ಶ್ರೀನಿವಾಸ್ ಇಲ್ಲಿ ಓದಿ, ಮುಂದೆ ಹಳ್ಳಿಯಲ್ಲಿ ಕೂತು ಹಳ್ಳಿಯನ್ನು ಅರಿತು ಬರೆದರು. ಚುನಾವಣೆ ಬಂದಾಗ ಕ್ಯಾಂಪಿನ ಮೆಸ್ಸಿನಲ್ಲಿ ಕೂತು ನಾವು ಆಡುವ 'ವೋಟ್ ಬ್ಯಾಂಕ್' ಎಂಬ ಮಾತನ್ನು ಚಲಾವಣೆಗೆ ತಂದವರು ಅವರೇ.

ಹೆಸರಿನಿಂದ ಹೊಟ್ಟೆ ತುಂಬುವುದಿಲ್ಲ, ಒಪ್ಪುತ್ತೇನೆ. ಇಂದಿನ ಮಹಾರಾಜ ಕಾಲೇಜು ಹಿರಿಯಣ್ಣನವರ ಕಾಲದ ಕಾಲೇಜಲ್ಲ. ರಾಜ್ಯದ ಸರ್ಕಾರಿ ಪದವಿ ಶಿಕ್ಷಣ ಅತಿಥಿ ಉಪನ್ಯಾಸಕರ ಬೆನ್ನ ಮೇಲೆ ನಡೆಯುತ್ತಿದೆ. ಪಠ್ಯಕ್ರಮವನ್ನು 2021ರಲ್ಲಿ ನಾಲ್ಕು ವರ್ಷಕ್ಕೆ ಎಳೆದು, 2024ರಲ್ಲಿ ಮತ್ತೆ ಮೂರಕ್ಕೆ ಇಳಿಸಿದರು. ಇದೇ ಬಗೆಯ ಓದಿಗೆ 'ಲಿಬರಲ್ ಆರ್ಟ್ಸ್' ಎಂಬ ಹೆಸರಿಟ್ಟು ಬೆಂಗಳೂರಿನ ಖಾಸಗಿ ವಿಶ್ವವಿದ್ಯಾಲಯಗಳು ವರ್ಷಕ್ಕೆ ಲಕ್ಷಗಟ್ಟಲೆ ಕೇಳುತ್ತವೆ. ಮಹಾರಾಜದ ವರ್ಷದ ಶುಲ್ಕ ನಾವು ರಜೆಗೆ ಹೋಗಿಬರುವ ವಿಮಾನ ಟಿಕೆಟ್ಟಿಗಿಂತ ಕಡಿಮೆ. ಮೆಕ್ಯಾನಿಕ್ಕನ ಮಗನಿಗೆ ಇದು ಸಣ್ಣ ಸಂಗತಿಯಲ್ಲ.

ಡಿ.ಫಾರ್ಮ ಬಗ್ಗೆ ಹೇಳುವ ಹಕ್ಕು ನನಗಿದೆ, ಅದರಿಂದಲೇ ಅನ್ನ ತಿಂದವನು. ಅದು ಔಷಧಿಯ ಪ್ರಮಾಣ ಕಲಿಸಿತು. ರಂಜಾನಿನಲ್ಲಿ ಸಕ್ಕರೆ ಕಾಯಿಲೆಯವರು ಯಾರನ್ನೂ ಕೇಳದೆ ಮಾತ್ರೆಯ ಹೊತ್ತು ಬದಲಿಸುವುದೇಕೆ, ಕ್ಯಾಂಪಿನ ಹುಡುಗರು ಒಬ್ಬನಿಗೆ ಕೊಟ್ಟ ಆ್ಯಂಟಿಬಯೋಟಿಕ್ಕನ್ನು ಇಬ್ಬರು ಹಂಚಿಕೊಳ್ಳುವುದೇಕೆ ಎಂಬುದನ್ನು ಕಲಿಸಲಿಲ್ಲ. ಅದು ಮನುಷ್ಯರನ್ನು ಓದುವ ವಿದ್ಯೆ. ಆ ವಿದ್ಯೆ ಕಲಿತವರು ಆಸ್ಪತ್ರೆಯಲ್ಲೂ ಬೇಕು, ತಾಲ್ಲೂಕು ಕಚೇರಿಯಲ್ಲೂ ಬೇಕು.

'ಕೈಗೆ ಕೆಲಸ' ಎಂಬ ಭರವಸೆಯ ಮಾತೂ ಹಳೆಯದಾಯಿತು. 1988ರಲ್ಲಿ ಶುರುವಾದ ಒಮಾನೀಕರಣ ಈಗ ನಮ್ಮ ವೃತ್ತಿಯ ಬಾಗಿಲಿಗೂ ಬಂದಿದೆ. ಅದು ಈ ದೇಶದ ಮಕ್ಕಳ ಹಕ್ಕು, ದೂರುವುದಿಲ್ಲ. ಆದರೆ ಮಸ್ಕತ್ತಿನ ಕೌಂಟರನ್ನೇ ನಂಬಿ ಹದಿನೆಂಟರ ಹುಡುಗನನ್ನು ಫಾರ್ಮಸಿಗೆ ದೂಡುವ ಕಾಲ ಇದಲ್ಲ. ಬಿ.ಎ. ಆದವನು ಕೆ.ಎ.ಎಸ್., ಐ.ಎ.ಎಸ್. ಪರೀಕ್ಷೆ ಬರೆಯಬಹುದು, ಮೂರು ವರ್ಷದ ಎಲ್‌ಎಲ್.ಬಿ. ಮಾಡಬಹುದು, ಬಿ.ಎಡ್. ಮಾಡಿ ಮೇಷ್ಟ್ರಾಗಬಹುದು. ಯಾವುದೂ ಸುಲಭವಲ್ಲ. ಮನಸ್ಸಿಲ್ಲದೆ ಓದಿದ ಎಂಜಿನಿಯರಿಂಗ್ ಸುಲಭವೇ?

ಹುಡುಗನ ಅಪ್ಪ ಇನ್ನೂ ಹೂಂ ಅಂದಿಲ್ಲ. "ಫೋನ್ ಮಾಡಿ ಅಂದರೆ ನೀವು ಅವನ ಪಾರ್ಟಿಗೇ ಸೇರಿದ್ರಲ್ಲ" ಎಂದು ನಕ್ಕರು, ಅಷ್ಟೇ. ನಿಮ್ಮ ಮನೆಯಲ್ಲೂ ಇಂಥ ಮಗನೋ ಮಗಳೋ ಇದ್ದರೆ, ಇಲ್ಲಿಂದ ಫೋನಿನಲ್ಲೇ ತೀರ್ಪು ಕೊಡಬೇಡಿ. ಪಿಯುಸಿ ಫಲಿತಾಂಶದ ಬೆನ್ನಿಗೇ ಅರ್ಜಿ ಹಾಕುವ ಕಾಲ ಬರುತ್ತದೆ, ನಮಗೆ ರಜೆ ಸಿಗುವುದಿಲ್ಲ. ಮಾವನೋ ಚಿಕ್ಕಪ್ಪನೋ ಒಂದು ದಿನ ಅವರ ಜೊತೆ ಕಾಲೇಜಿಗೆ ಹೋಗಿ ಬರಲಿ. ಅವರು ಆರಿಸಿದ ವಿಷಯಕ್ಕೆ ಕಾಯಂ ಅಧ್ಯಾಪಕರು ಎಷ್ಟು ಜನ, ಹಾಸ್ಟೆಲಿನಲ್ಲಿ ಜಾಗ ಉಂಟೇ, ಲೈಬ್ರರಿ ಎಷ್ಟು ಗಂಟೆಯವರೆಗೆ ತೆರೆದಿರುತ್ತದೆ ಎಂದು ವಿಚಾರಿಸಲಿ. ಕೊನೆಯ ವರ್ಷದ ಇಬ್ಬರು ವಿದ್ಯಾರ್ಥಿಗಳನ್ನು ಕ್ಯಾಂಟೀನಿನಲ್ಲಿ ಮಾತಾಡಿಸಿದರೆ ಇನ್ನೂ ಒಳ್ಳೆಯದು.