ಮದ್ದೂರು ಅಂದ್ರೆ ಬರೀ ಟ್ರಾಫಿಕ್ಕಾ?

"ಬೈಪಾಸ್ ಆದ್ಮೇಲೆ ಮದ್ದೂರಿನ ತಲೆನೋವೇ ಇಲ್ಲ ಗುರು" ಅಂತಾರೆ ಆಫೀಸಿನ ಗೆಳೆಯರು. ಬೆಂಗಳೂರು–ಮೈಸೂರು ದಶಪಥ 2023ರ ಮಾರ್ಚ್ 12ರಂದು ಮಂಡ್ಯದಲ್ಲೇ ಉದ್ಘಾಟನೆಯಾಯಿತು. ನಿಮಗೆ ತಲೆನೋವಾಗಿದ್ದದ್ದು ಮಳವಳ್ಳಿ ಕಡೆಯ ನಮಗೆ ಪೇಟೆ ಕಣ್ರೀ. ರೈಲು ನಿಂತಾಗ ಮಾರಿ ಹೆಸರಾದ ವಡೆ ಅದು. ಯಾರೂ ನಿಲ್ಲದಿದ್ದರೆ ಬಾಣಲೆ ಇಡೋದು ಯಾರಿಗೆ?

ಬೈಪಾಸ್ ಬೇಡ ಅಂತಲ್ಲ. ಲಾರಿಗಳ ಕಾಟ ತಪ್ಪಿದೆ, ಒಪ್ತೀನಿ. ಆದರೆ ಜಮೀನು ಬಿಟ್ಟುಕೊಟ್ಟ ರೈತನ ಬೈಕು, ಟ್ರ್ಯಾಕ್ಟರನ್ನು ಅದೇ ಆಗಸ್ಟ್ 1ರಿಂದ ಸರ್ವಿಸ್ ರಸ್ತೆಗೆ ತಳ್ಳಿದರು (ಸುರಕ್ಷತೆಗಂತೆ). ಇನ್ನು ಊರೊಳಗಿನ ಹಳೇ ಹೆದ್ದಾರಿಗೆ ಮರ, ಫುಟ್‌ಪಾತ್, ಗಾಡಿ ವ್ಯಾಪಾರಿಗಳಿಗೆ ಜಾಗ ಕೇಳಿದರೆ, "ಅಲ್ಲಿಗೆ ಈಗ ಯಾರು ಹೋಗ್ತಾರೆ?" ಅಂತೀರಿ.

ನಾವು ಹೋಗ್ತೀವಿ. ಚರ್ಚ್ ಸ್ಟ್ರೀಟಿಗೆ ಕಲ್ಲು ಹಾಸುವಾಗ ಹೀಗೆ ಕೇಳಿದ್ರಾ?