ಅಪ್ಪನ ಗಾಡಿಗೆ ಕನ್ನಡ ಬರುವುದಿಲ್ಲವಂತೆ!



ಮಂಡಿ ಸವೆದೋ, ಲಕ್ವ ಹೊಡೆದೋ, ಪೋಲಿಯೋದಿಂದಲೋ ನಡೆಯಲಾಗದೆ ಕಿಟಕಿ ಪಕ್ಕ ಕುರ್ಚಿ ಹಾಕಿಕೊಂಡು ಕುಳಿತವರು ನಿಮ್ಮ ಮನೆಯಲ್ಲಿ ಇದ್ದಾರೆಯೇ? ಅವರಿಗೊಂದು ಬ್ಯಾಟರಿ ಗಾಡಿ ಕೊಡಿಸುವ ಯೋಚನೆ ಬಂದಿದೆಯೇ? ಖಂಡಿತ ಕೊಡಿಸಿ. ಆದರೆ ನಾನು ಕೊಡಿಸಿದ ಹಾಗೆ ಮಾತ್ರ ಕೊಡಿಸಬೇಡಿ.

ಚಾಮರಾಜಪೇಟೆಯಲ್ಲಿ ನಮ್ಮದೊಂದು ಸಣ್ಣ ಪ್ರೆಸ್ಸು. ನಾನು ಪಿಯುಸಿ ಮುಗಿಸಿ ಅಪ್ಪನ ಜೊತೆ ಅಲ್ಲಿಗೇ ಬಂದು ಸೇರಿಕೊಂಡವನು. ಅಪ್ಪ ಮೊಳೆ ಜೋಡಿಸುತ್ತಿದ್ದ ಕಾಲದವರು. ಕೇಸಿನ ಮುಂದೆ ನಿಂತೇ ಮೂವತ್ತು ವರ್ಷ ಲಗ್ನಪತ್ರಿಕೆ, ಕರಪತ್ರ, ಬಿಲ್ ಪುಸ್ತಕ ಎಲ್ಲ ಜೋಡಿಸಿದರು. ಹಾಗೆ ನಿಂತದ್ದೇ ಮಂಡಿಯನ್ನು ತಿಂದಿತು ಎಂದು ಅವರು ಹೇಳುತ್ತಾರೆ. ಡಾಕ್ಟರು ವಯಸ್ಸಿನ ಲೆಕ್ಕಕ್ಕೆ ಬರೆಯುತ್ತಾರೆ. ಈಗ ಅವರಿಗೆ 78. ಕೋಲು ಹಿಡಿದು ಮನೆಯೊಳಗೆ ಓಡಾಡುತ್ತಾರೆ. ಗೇಟು ದಾಟಿ ಇಪ್ಪತ್ತು ಹೆಜ್ಜೆ ಹೋದರೆ ಯಾರದಾದರೂ ಕಾಂಪೌಂಡು ಹಿಡಿದು ನಿಲ್ಲಬೇಕು. ಮೂಲೆಯ ಹೋಟೆಲಿನಲ್ಲಿ ಒಂದು ಕಾಫಿ ಕುಡಿದು, ನಾಲ್ಕು ಪೇಪರು ತಿರುವಿ ಹಾಕಿ ಬರಬೇಕು ಎನ್ನುವುದಷ್ಟೇ ಅವರ ಆಸೆ.

ಕಳೆದ ವರ್ಷ ಒಂದು ಅಂಗಡಿಗೆ ಹೋದೆ. ಹೆಸರು ಬೇಡ ಬಿಡಿ. ಅಪ್ಪನನ್ನು ಕರೆದುಕೊಂಡು ಹೋಗಲಿಲ್ಲ. ಮೊದಲ ತಪ್ಪು ಅದೇ! ಬೈಕು ಕೊಳ್ಳುವವನಂತೆ "ಒಂದು ಚಾರ್ಜಿಗೆ ಎಷ್ಟು ಕಿಲೋಮೀಟರ್ ಕೊಡುತ್ತೆ?" ಎಂದು ಕೇಳಿದೆ. ಮಾರುವ ಹುಡುಗ ಹಿಂದಿಯಲ್ಲಿ ಅರ್ಧ, ಇಂಗ್ಲಿಷಿನಲ್ಲಿ ಅರ್ಧ ವಿವರಿಸಿದ. ನಾನೂ ತಲೆಯಾಡಿಸಿದೆ. ಗೊತ್ತಾಗಲಿಲ್ಲ ಎಂದು ಒಪ್ಪಿಕೊಳ್ಳಲು ನಮಗೆ ನಾಚಿಕೆ ನೋಡಿ. ಎಂಬತ್ತು ಸಾವಿರ ಚಿಲ್ಲರೆ ಎಣಿಸಿ, ಹೊರದೇಶದಿಂದ ಬಂದ ಮೂರು ಚಕ್ರದ ಗಾಡಿ ತಂದೆ.

ನಮ್ಮ ಮನೆ ಇರುವುದು ಹನುಮಂತನಗರದಲ್ಲಿ. ಆ ಕಡೆಯ ಏರು ತಗ್ಗು ಬಲ್ಲವರಿಗೆ ಮುಂದಿನ ಕಥೆ ಹೇಳಬೇಕಾಗಿಲ್ಲ. ಬಲ್ಲದವರಿಗೆ ಹೇಳುತ್ತೇನೆ.

ಈ ಗಾಡಿಗಳಲ್ಲಿ ಸಾಮಾನ್ಯವಾಗಿ ಹ್ಯಾಂಡಲ್ ಬಳಿ ಹೆಬ್ಬೆರಳಿಗೊಂದು ಲಿವರ್ ಇರುತ್ತದೆ. ಒತ್ತಿದರೆ ಗಾಡಿ ಹೊರಡುತ್ತದೆ, ಬಿಟ್ಟರೆ ಮೋಟಾರಿನಲ್ಲಿರುವ ಬ್ರೇಕು ತಾನಾಗಿಯೇ ಹಿಡಿಯುತ್ತದೆ. ಬ್ಯಾಟರಿ ಮುಗಿದು ನಿಂತರೆ ತಳ್ಳಿಕೊಂಡು ಬರಬೇಕಲ್ಲ? ಅದಕ್ಕೆ ಹಿಂದಿನ ಚಕ್ರದ ಹತ್ತಿರ ಇನ್ನೊಂದು ಲಿವರ್ ಇಟ್ಟಿರುತ್ತಾರೆ. ಅದನ್ನು ಸರಿಸಿದರೆ ಮೋಟಾರಿಗೂ ಚಕ್ರಕ್ಕೂ ಸಂಬಂಧ ತಪ್ಪುತ್ತದೆ. ಆ ಬ್ರೇಕೂ ಹೋಗುತ್ತದೆ! ನಮ್ಮ ಗಾಡಿಯಲ್ಲಿ ಅದರ ಮೇಲೆ ಬರೆದದ್ದು ಇಷ್ಟೇ: ಒಂದು ಬದಿಗೆ ಇಂಗ್ಲಿಷಿನ 'ಎನ್', ಇನ್ನೊಂದು ಬದಿಗೆ 'ಡಿ'.

ಒಂದು ಬೆಳಿಗ್ಗೆ ಪಕ್ಕದ ಮನೆಯ ಹುಡುಗ ಉಪಕಾರಕ್ಕೆಂದು ಗಾಡಿಯನ್ನು ತಳ್ಳಿಕೊಂಡು ಗೇಟಿನ ಹೊರಗೆ ತಂದಿಟ್ಟ. ಲಿವರನ್ನು ಮತ್ತೆ ಹಿಂದಕ್ಕೆ ಸರಿಸಲಿಲ್ಲ. ಅಪ್ಪ ಹತ್ತಿ ಕುಳಿತರು, ಹೆಬ್ಬೆರಳು ಒತ್ತಿದರು. ಗಾಡಿ ಮುಂದೆ ಹೋಗಲಿಲ್ಲ, ಇಳಿಜಾರಿನಲ್ಲಿ ಹಿಂದಕ್ಕೆ ಜಾರತೊಡಗಿತು. ಲಿವರ್ ಬಿಟ್ಟರೂ ನಿಲ್ಲಲಿಲ್ಲ. ಕೆಳಗೆ ನಿಂತಿದ್ದ ಆಟೋಗೆ ಬಡಿದು ಮಗುಚಿತು. ಅಪ್ಪನ ಬಲ ಮಣಿಕಟ್ಟು ಮುರಿಯಿತು. ಆ ಆಟೋ ಇಲ್ಲದಿದ್ದರೆ ಕೆಳಗಿನ ಅಡ್ಡರಸ್ತೆಯ ಬಸ್ಸಿಗೇ ಹೋಗುತ್ತಿದ್ದರು.

ಅಂಗಡಿಯವರನ್ನು ಕೇಳಿದರೆ "ಎಲ್ಲ ಮ್ಯಾನ್ಯುಯಲ್‌ನಲ್ಲಿ ಇದೆ ಸಾರ್" ಎಂದರು. ಹೌದು, ಇದೆ! ಇಂಗ್ಲಿಷಿನಲ್ಲಿದೆ, ಚೀನೀ ಭಾಷೆಯಲ್ಲಿದೆ. ಕನ್ನಡದ್ದು ಕೊಡಿ ಎಂದೆ. ನಕ್ಕರು. ಲಕ್ಷಾಂತರ ಕನ್ನಡ ಅಕ್ಷರಗಳನ್ನು ಕೈಯಾರೆ ಜೋಡಿಸಿದ ಮನುಷ್ಯನಿಗೆ, ತಾನು ಕೂರುವ ಗಾಡಿಯ ಮೇಲೆ ಒಂದೇ ಒಂದು ಕನ್ನಡ ಅಕ್ಷರ ಇಲ್ಲ. ಇದು ನಗುವ ಮಾತೇ, ನೀವೇ ಹೇಳಿ?

ಕಾನೂನು ಇಲ್ಲವೇ ಎನ್ನುತ್ತೀರಿ. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ 2024ರಲ್ಲಿ ಜಾರಿಗೆ ಬಂತು. ರಾಜ್ಯದಲ್ಲಿ ತಯಾರಾಗಿ ಇಲ್ಲೇ ಮಾರಾಟವಾಗುವ ವಸ್ತುಗಳ ಹೆಸರು, ಬಳಸುವ ವಿಧಾನ ಕನ್ನಡದಲ್ಲೂ ಇರಬೇಕೆಂದು ಅದರಲ್ಲಿದೆ. ಹಡಗಿನಲ್ಲಿ ಬಂದ ಗಾಡಿಗೆ ಆ ಮಾತು ತಾಗುವುದಿಲ್ಲ. ಹಾಗಾದರೆ ಇಲ್ಲಿನ ಮುದುಕರ ಮೂಳೆಯೂ ಆಮದು ಮಾಡಿದ್ದೇ? ನಾನು ಪ್ರೆಸ್ಸಿನವನು, ಲೆಕ್ಕ ಹೇಳುತ್ತೇನೆ ಕೇಳಿ. ಸಣ್ಣ ಹಾಳೆಯಲ್ಲಿ ಎರಡೂ ಬದಿ ಕನ್ನಡದಲ್ಲಿ ಅಚ್ಚು ಹಾಕಿಸಿದರೆ, ಸಾವಿರ ಪ್ರತಿ ತೆಗೆದಾಗ ಒಂದಕ್ಕೆ ಎರಡು ರೂಪಾಯಿಯ ಆಸುಪಾಸು. ಎಂಬತ್ತು ಸಾವಿರದ ಮಾಲಿಗೆ ಎರಡು ರೂಪಾಯಿ ಭಾರವೇ?

ಕೋಪ ಹಾಗಿರಲಿ. ಅಂಗಡಿಯವನ ಬಾಯಿ ಹುಡುಕುತ್ತಾ ಹೋದ ನನ್ನ ತಪ್ಪೂ ಅಷ್ಟೇ ಇದೆ. ಗಾಡಿ ಆರಿಸುವ ಕೆಲಸ ಅಂಗಡಿಯಲ್ಲಿ ಶುರುವಾಗುವುದಲ್ಲ, ಮನೆಯಲ್ಲಿ. ಒಂದು ಟೇಪು ತೆಗೆದುಕೊಳ್ಳಿ. ಗೇಟಿನ ಅಗಲ ಎಷ್ಟು? ಗಾಡಿ ಒಳಗೆ ತಿರುಗಲು ಜಾಗ ಎಷ್ಟು? ಹೊಸ್ತಿಲು, ಮೆಟ್ಟಿಲು ಎಷ್ಟು ಎತ್ತರ? ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು ಎನ್ನುವುದು ಗಾಲಿಕುರ್ಚಿಗಳಿಗೆ ಎಲ್ಲ ಕಡೆ ಒಪ್ಪಿದ ಲೆಕ್ಕ. ಅರ್ಧ ಅಡಿ ಮೆಟ್ಟಿಲಿಗೆ ಆರು ಅಡಿ ಹಲಗೆ ಎಂದಾಯಿತು. ಮೂರಡಿ ತಗಡು ಹಾಕಿ ಸಾಲದೆ ಬಂದಾಗ ಗಾಡಿಯನ್ನು ಬೈಯಬೇಡಿ.

ಆಮೇಲೆ ಅವರು ಹೋಗಬೇಕೆನ್ನುವ ಜಾಗದ ತನಕ ನೀವೇ ಒಮ್ಮೆ ನಡೆದು ನೋಡಿ. ಚರಂಡಿ ಚಪ್ಪಡಿ ಎಲ್ಲಿ ಬಾಯಿ ಬಿಟ್ಟಿದೆ, ಬೈಕು ಹತ್ತದಿರಲೆಂದು ಫುಟ್‌ಪಾತಿಗೆ ಕಲ್ಲು ಎಲ್ಲಿ ನೆಟ್ಟಿದ್ದಾರೆ, ಹಂಪ್ಸ್ ಎಷ್ಟು ಎತ್ತರ ಇದೆ. ಅಂಗಡಿ ಮಹಲುಗಳ ನುಣ್ಣನೆ ನೆಲಕ್ಕೆಂದು ಮಾಡಿದ ಗಾಡಿಗಳ ಹೊಟ್ಟೆ ನೆಲಕ್ಕೆ ಮೂರು ನಾಲ್ಕು ಇಂಚೂ ಇರುವುದಿಲ್ಲ. ನಮ್ಮ ಹಂಪ್ಸಿನ ಮೇಲೆ ಆಮೆಯ ಹಾಗೆ ಕೂತುಬಿಡುತ್ತವೆ. ಮೂರು ಚಕ್ರದ್ದು ಇಕ್ಕಟ್ಟಿನಲ್ಲಿ ಚೆನ್ನಾಗಿ ತಿರುಗುತ್ತದೆ, ಸಮತಟ್ಟಾದ ಅಪಾರ್ಟ್‌ಮೆಂಟಿಗೆ ಸರಿ. ಏರು ತಗ್ಗಿಗೆ, ಓರೆಯಾದ ರಸ್ತೆಗೆ ನಾಲ್ಕು ಚಕ್ರದ್ದು ಭದ್ರ. ಕಿಲೋಮೀಟರ್ ಲೆಕ್ಕ ಸಮತಟ್ಟಿನಲ್ಲಿ ಹೊಸ ಬ್ಯಾಟರಿಯದ್ದು. ಏರು ರಸ್ತೆಯಲ್ಲಿ ಅದರ ಅರ್ಧ ನಂಬಿದರೆ ಸಾಕು.

ಕೊನೆಗೆ ಅವರನ್ನೇ ಕೂರಿಸಿ ನೋಡಿ. ಐದು ನಿಮಿಷ ಅಲ್ಲ, ಅರ್ಧ ಗಂಟೆ. ಮಂಡಿ ಸವೆದವರಿಗೆ ಎಷ್ಟೋ ಸಲ ಬೆರಳ ಗೆಣ್ಣೂ ನೋಯುತ್ತದೆ. ಹೆಬ್ಬೆರಳು ಒತ್ತಿ ಹಿಡಿಯಲಾಗದಿದ್ದರೆ ಗಾಡಿ ಇದ್ದೂ ಇಲ್ಲದ ಹಾಗೆ. ಸೀಟು ಪಕ್ಕಕ್ಕೆ ತಿರುಗುತ್ತದೆಯೇ, ಕಾಲು ಎತ್ತದೆ ಇಳಿಯಬಹುದೇ ಎಂದು ನೋಡಿ. ಪಂಕ್ಚರ್ ಹಾಕುವವನು ಆ ಚಕ್ರ ಬಿಚ್ಚಬಲ್ಲನೇ, ಬ್ಯಾಟರಿ ಊರಲ್ಲೇ ಸಿಗುತ್ತದೆಯೇ ಎಂದು ಕೇಳಿ. ಸೀಸದ ಬ್ಯಾಟರಿಯನ್ನು ಚಾರ್ಜಿಲ್ಲದೆ ತಿಂಗಳುಗಟ್ಟಲೆ ಬಿಟ್ಟರೆ ಸತ್ತೇ ಹೋಗುತ್ತದೆ.

ಪೋಲಿಯೋ ಆದವರ ವಿಷಯ ಬೇರೆ. ಕೈ, ಬೆನ್ನು ಗಟ್ಟಿಯಿದ್ದು ಕಾಲಿಗಷ್ಟೇ ಬಲವಿಲ್ಲದವರಿಗೆ ಸ್ಕೂಟರಿಗೆ ಅಕ್ಕಪಕ್ಕ ಚಕ್ರ ಕೂರಿಸಿದ ಗಾಡಿಯೇ ವಾಸಿ. ಕೆಲಸಕ್ಕೆ ಹೋಗಿ ಬರಬಹುದು. ಆದರೆ ಆರ್‌ಟಿಓದಲ್ಲಿ ಬದಲಾವಣೆ ದಾಖಲಾಗಬೇಕು, ಲೈಸೆನ್ಸ್ ಬೇಕು. ಹೆಚ್ಚು ಅಂಗವೈಕಲ್ಯ ಇರುವವರಿಗೆ ಮೋಟಾರಿನ ತ್ರಿಚಕ್ರ ಗಾಡಿ ಕೊಡುವುದು ಕೇಂದ್ರದ ಅಡಿಪ್ ಯೋಜನೆಯಲ್ಲಿದೆ. ಕಾನ್ಪುರದ ಅಲಿಮ್ಕೋ ಅದನ್ನು ತಯಾರಿಸುತ್ತದೆ. ಯುಡಿಐಡಿ ಕಾರ್ಡು ಮಾಡಿಸಿಟ್ಟುಕೊಳ್ಳಿ. ಹಳ್ಳಿಯವರು ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಹಿಡಿಯಿರಿ, ಅರ್ಜಿ ತುಂಬಿಸಿಕೊಡುವುದು ಅವರ ಕೆಲಸ. ಅಪ್ಪನಂಥ ಮಂಡಿಯ ಮುದುಕರಿಗೆ ಅಲ್ಲಿ ಸಿಗುವುದು ಕಷ್ಟ. ನಮ್ಮ ಜೇಬೇ ಗತಿ.

ಮೂರು ಚಕ್ರದ್ದನ್ನು ಅರ್ಧ ಬೆಲೆಗೆ ಮಾರಿದೆ. ಕೊಂಡವರ ಮನೆ ಸಮತಟ್ಟಿನಲ್ಲಿದೆಯೇ ಎಂದು ಕೇಳಿ, ಆ ಲಿವರನ್ನು ಅವರ ಕೈಯಲ್ಲೇ ನಾಲ್ಕು ಸಲ ಸರಿಸಿ ತೋರಿಸಿ ಕೊಟ್ಟೆ. ಮಣಿಕಟ್ಟು ಕೂಡಿದ ಮೇಲೆ ಅಪ್ಪನನ್ನೇ ಕರೆದುಕೊಂಡು ಬೇರೆ ಅಂಗಡಿಗೆ ಹೋದೆ. ಮೂರು ಗಾಡಿ ಬೇಡವೆಂದರು. ನಾಲ್ಕನೆಯದು, ನಾಲ್ಕು ಚಕ್ರದ್ದು, ದೊಡ್ಡ ಗಾಲಿ, ಬೇರೆ ಕೈಬ್ರೇಕು ಇರುವುದು, ಒಪ್ಪಿಗೆಯಾಯಿತು. ಅದರಲ್ಲೂ ಅದೇ ಲಿವರ್, ಅದೇ ಇಂಗ್ಲಿಷು.

ಸ್ಟಿಕ್ಕರು ನಾವೇ ಅಚ್ಚು ಮಾಡೋಣ ಎಂದು ಪ್ರೆಸ್ಸಿನಲ್ಲಿ ಕುಳಿತು ಬರೆದೆ. ಒಂದು ಬದಿಗೆ 'ಮುಕ್ತ ಚಲನೆ', ಇನ್ನೊಂದು ಬದಿಗೆ 'ಚಾಲನಾ ಸ್ಥಿತಿ'. ಪ್ರೂಫ್ ತೆಗೆದು ಮನೆಗೆ ಒಯ್ದೆ. ಅಪ್ಪ ಕನ್ನಡಕ ಏರಿಸಿ ನೋಡಿದರು. "ಇದು ಯಾರಿಗೋ ಅರ್ಥವಾಗೋದು? ಆ ಇಂಗ್ಲಿಷೇ ವಾಸಿ" ಎಂದು ಎರಡನ್ನೂ ಹೊಡೆದು ಹಾಕಿ, ಕೂಡಿದ ಕೈಯಿಂದಲೇ ಸೊಟ್ಟಂಪಟ್ಟ ಅಕ್ಷರದಲ್ಲಿ ಬರೆದುಕೊಟ್ಟರು. ಹಳದಿ ಮೇಲೆ ಕೆಂಪು ಅಕ್ಷರ, ನೂರು ಪ್ರತಿ ಹಾಕಿದ್ದೇನೆ. ಇಂಥ ಗಾಡಿ ಇರುವವರು ಪ್ರೆಸ್ಸಿನ ಕಡೆ ಬಂದರೆ ಒಯ್ಯಬಹುದು, ಕಾಸು ಬೇಡ. ಅಪ್ಪ ಬರೆದದ್ದು ಹೀಗಿದೆ: ಒಂದು ಬದಿಗೆ 'ತಳ್ಳೋಕೆ. ಬ್ರೇಕ್ ಇಲ್ಲ!' ಇನ್ನೊಂದು ಬದಿಗೆ 'ಕೂರೋಕೆ.'