ಗಂಡಸರ ಉತ್ತರವನ್ನೂ ಓದೋಣ

ಚುನಾವಣೆ ಸಮೀಕ್ಷೆ ತಪ್ಪಿದರೆ ವಾರಗಟ್ಟಲೆ ನಗುತ್ತೇವೆ. 2024ರಲ್ಲಿ ಎನ್‌ಡಿಎಗೆ 361ರಿಂದ 401 ಸೀಟು ಎಂದಿದ್ದ ಆಕ್ಸಿಸ್ ಮೈ ಇಂಡಿಯಾದ ಪ್ರದೀಪ್ ಗುಪ್ತಾ, ಲೆಕ್ಕ 293ಕ್ಕೆ ನಿಂತಾಗ ಟಿವಿಯಲ್ಲೇ ಅತ್ತದ್ದು ಇನ್ನೂ ನಮ್ಮ ಬಾಯಲ್ಲಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನಮ್ಮ ಕರ್ನಾಟಕದ ಬಗ್ಗೆ ಹೇಳಿದ ಒಂದು ಮಾತು ಮಾತ್ರ ಎಷ್ಟು ಜನರಿಗೆ ನೆನಪಿದೆಯೋ! ಒಂದಲ್ಲ ಒಂದು ಕಾರಣಕ್ಕೆ ಗಂಡ ಹೆಂಡತಿಗೆ ಹೊಡೆಯುವುದು ಸರಿ ಎಂದವರು ಹೆಂಗಸರಲ್ಲಿ ನೂರಕ್ಕೆ 77, ಗಂಡಸರಲ್ಲಿ 82. ಇಡೀ ದೇಶದ ಲೆಕ್ಕ 45 ಮತ್ತು 44. ಹಿಮಾಚಲ ಪ್ರದೇಶದಲ್ಲಿ ಇಬ್ಬರದೂ 15ರ ಆಸುಪಾಸು.

77 ಎಂದು ಓದಿದ ಪೇಟೆಯ ಗೆಳತಿಯೊಬ್ಬಳು "ನೋಡೇ, ಹೆಂಗಸರಿಗೇ ಬುದ್ಧಿ ಇಲ್ಲ" ಅಂದಳು. ನನಗೆ ಸಿಟ್ಟು ಬಂತು. ಇಂಥದೇ ಒಂದು ಸಮೀಕ್ಷೆಗಾಗಿ ಬ್ಯಾಡಗಿ ಕಡೆಯ ಹಳ್ಳಿಗಳಲ್ಲಿ ಮನೆ ಮನೆ ಸುತ್ತಿದವಳು ನಾನು. ಪ್ರಶ್ನೆ ಒಂದಲ್ಲ, ಏಳು. ಹೇಳದೆ ಹೊರಗೆ ಹೋದರೆ? ಮನೆ, ಮಕ್ಕಳನ್ನು ನೋಡಿಕೊಳ್ಳದಿದ್ದರೆ? ಎದುರು ಮಾತಾಡಿದರೆ? ರಾತ್ರಿ ಬೇಡ ಅಂದರೆ? ಅಡುಗೆ ಕೆಟ್ಟರೆ? ನಡತೆಯ ಮೇಲೆ ಅನುಮಾನ ಬಂದರೆ? ಅತ್ತೆ ಮಾವಂದಿರಿಗೆ ಮರ್ಯಾದೆ ಕೊಡದಿದ್ದರೆ? ಏಳರಲ್ಲಿ ಒಂದಕ್ಕೆ ಹೂಂ ಅಂದರೂ ಆಕೆ ಲೆಕ್ಕಕ್ಕೆ ಸೇರಿದಳು.

"ಹೊಡಿಯೋದು ಸರಿ ಏನವಾ?" ಎಂದು ಒಬ್ಬ ಸೊಸೆಯನ್ನು ಕೇಳಿದೆ. "ಹೊಡೀತಾರ್ರಿ ಅಕ್ಕಾರ, ಸುಮ್ನ ಬಿಡ್ತಾರೇನ್ರಿ?" ಅಂದಳು. ನಾನು ಕೇಳಿದ್ದು ಸರಿಯೋ ತಪ್ಪೋ ಎಂದು, ಆಕೆ ಹೇಳಿದ್ದು ಮನೆಯಲ್ಲಿ ನಡೆಯುವುದನ್ನು. ಅದನ್ನು ಬರೆಯಲು ನನ್ನ ಹತ್ತಿರ ಖಾನೆ ಇರಲಿಲ್ಲ. ಮತ್ತೆ ಕೇಳುವಷ್ಟರಲ್ಲಿ ಅತ್ತೆ ಮೆಣಸಿನಕಾಯಿ ಬುಟ್ಟಿ ತಂದು ಪಡಸಾಲೆಯಲ್ಲಿ ಕೂತು ತೊಟ್ಟು ಬಿಡಿಸತೊಡಗಿದರು. "ಅತ್ತಿ ಮಾವಗ ಎದುರಾಡಿದ್ರ ಹೊಡೀಬೇಕ್ರಿ" ಎಂದು ಸೊಸೆ ದನಿ ಏರಿಸಿ ಹೇಳಿದಳು. ಅತ್ತೆ ತಲೆ ಎತ್ತಲಿಲ್ಲ. ನೀನು ಹೊಡೆತ ತಿಂದಿದ್ದೀಯಾ ಎಂದು ಕೇಳುವ ಭಾಗಕ್ಕೆ ನಿಯಮ ಬೇರೆ: ಮನೆಗೊಬ್ಬಳನ್ನೇ, ಹತ್ತಿರ ಯಾರೂ ಇಲ್ಲದಾಗಲೇ ಕೇಳಬೇಕು. ಆ ಮನೆಯಲ್ಲಿ ಆ ಪುಟ ಖಾಲಿ ಉಳಿಯಿತು.

ರಾಷ್ಟ್ರೀಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 44 ಮಂದಿ ಗಂಡನ ದೌರ್ಜನ್ಯ ಅನುಭವಿಸಿದ್ದೇವೆ ಎಂದರು. ದೇಶದಲ್ಲೇ ಹೆಚ್ಚು. 2015–16ರಲ್ಲಿ ಅದು 21ರ ಹತ್ತಿರ ಇತ್ತು. ಹೊಡೆತ ಇಮ್ಮಡಿಯಾಯಿತೋ, ಬಾಯಿ ಬಿಟ್ಟವರು ಇಮ್ಮಡಿಯಾದರೋ? ಪಡಸಾಲೆಗಳನ್ನು ಕಂಡವಳಾಗಿ ನಾನು ಎರಡನೆಯದನ್ನೇ ಹೆಚ್ಚು ನಂಬುತ್ತೇನೆ.

ಆದರೆ ಗಂಡಸರ 82ಕ್ಕೆ ಈ ಯಾವ ಸಮಜಾಯಿಷಿಯೂ ಸಲ್ಲದು. ಅವರು ಯಾವ ಅತ್ತೆಗೆ ಕೇಳಿಸಲೆಂದು ಹೌದು ಅಂದರು? ಆಡಿದ ಮಾತಿಗೆ ರಾತ್ರಿ ಏಟು ಬೀಳುವ ಭಯ ಅವರಿಗೆಲ್ಲಿತ್ತು? ಹಿಮಾಚಲದವರೂ ಗಂಡಸರೇ, ಪ್ರಶ್ನೆಗಳೂ ಅವೇ. ಅಲ್ಲಿ ಕೆಲವರು ಸುಳ್ಳು ಹೇಳಿರಬಹುದು. ಹೇಳಲಿ ಬಿಡಿ. ಹೆಂಡತಿಗೆ ಹೊಡೆಯುವುದು ಸರಿ ಎಂದು ಗುರುತಿಲ್ಲದವರ ಮುಂದೆ ಹೇಳಲು ನಾಚುವ ಊರು, ನಾಚದ ಊರಿಗಿಂತ ವಾಸಿ.

2022ರಲ್ಲಿ ಪ್ಯೂ ಸಂಸ್ಥೆ ಹೊರತಂದ ವರದಿಯೂ ಇದೆ. ಸುಮಾರು 30,000 ಭಾರತೀಯರನ್ನು ಮಾತಾಡಿಸಿದ ಆ ಸಮೀಕ್ಷೆಯಲ್ಲಿ ನೂರಕ್ಕೆ 55 ಮಂದಿ, ರಾಜಕೀಯ ನಾಯಕತ್ವದಲ್ಲಿ ಹೆಣ್ಣು ಗಂಡು ಸಮ ಎಂದರು. ಹೆಂಡತಿ ಯಾವಾಗಲೂ ಗಂಡನ ಮಾತು ಕೇಳಬೇಕು ಎಂದು ಒಪ್ಪಿದವರು 87! ನಮ್ಮ ಪಂಚಾಯ್ತಿಗಳನ್ನು ನೋಡಿದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಅರ್ಧ ಸೀಟು ಹೆಂಗಸರದು, ಸಭೆಯಲ್ಲಿ ಮಾತು ಅಧ್ಯಕ್ಷರ ಯಜಮಾನರದು.

ಗೃಹಲಕ್ಷ್ಮಿಯ ಎರಡು ಸಾವಿರದಿಂದ ಹೆಂಗಸರ ವೋಟು ಯಾವ ಕಡೆ ವಾಲಿತು ಎಂದು ಕೇಳುವವರು ಬೇಕಾದಷ್ಟಿದ್ದಾರೆ. ಆ ಹಣ ಹೋಗುವ ಮನೆಗಳಿಗೇ ಸರ್ಕಾರ ಈ ಏಳು ಪ್ರಶ್ನೆಗಳನ್ನೂ ಕಳಿಸಲಿ, ಮೊದಲು ಗಂಡಸರಿಗೆ. ಉತ್ತರಗಳನ್ನು ಜಿಲ್ಲಾವಾರು ಪ್ರಕಟಿಸಲಿ. ನಮ್ಮ ಹಾವೇರಿಯಿಂದಲೇ ಶುರು ಮಾಡಲಿ, ಬೇಕಿದ್ದರೆ ನಾನೇ ಹೋಗಿ ಕೇಳುತ್ತೇನೆ.